ನುಡಿಗೊಂದು ದಾರಿ, ನೋಟಕ್ಕೊಂದು ದಾರಿ

ಮಾತು ಹುಟ್ಟುವುದು ನಾಲಿಗೆಯಲ್ಲಿ. ಅದು ಸಾರ್ಥಕವಾಗುವುದು ಕೇಳುವವರ ಕಿವಿಯಲ್ಲಿ. ಇವೆರಡರ ನಡುವಣ ದಾರಿ ನೆಟ್ಟಗಿಲ್ಲದಿದ್ದರೆ ಎಂತಹ ಅನುಭಾವಿಯ ನುಡಿಯೂ ಅರಣ್ಯರೋದನವಾದೀತು. ಇಂದು ಮಠಮಾನ್ಯಗಳ ಪ್ರವಚನ, ಜಯಂತಿ, ಜಾತ್ರೆಗಳು ನೇರಪ್ರಸಾರವಾಗುತ್ತಿವೆ. ಹಿನಕಲ್‌ನಂತಹ ಊರಿನಲ್ಲಿ, ಮೊಣಕಾಲ ನೋವಿನಿಂದ ಹೊಸ್ತಿಲು ದಾಟಲಾರದ ಹಿರಿಯರಿಗೆ ಮನೆಯ ಪರದೆಯೇ ಪ್ರವಚನ ಮಂಟಪ. ಅಲ್ಲಿ ಚಿತ್ರವಷ್ಟೇ ಕಂಡು ಧ್ವನಿ ಬಾರದಿದ್ದರೆ ಅವರಿಗೆ ಆ ದಿನದ ಸತ್ಸಂಗವೇ ತಪ್ಪಿದಂತೆ. ಆದಕಾರಣ ಪ್ರಸಾರದ ಈ ಒಳದಾರಿಯನ್ನು ನಮ್ಮ ಓದುಗ ಬಂಧುಗಳಿಗೆ ಪರಿಚಯಿಸಲು ಬಯಸುತ್ತೇವೆ.

ಪ್ರಸಾರವಿದ್ಯೆ ಮೈಸೂರಿಗೆ ಹೊಸತಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಕೇವಲ 30 ವಾಟ್ ಸಾಮರ್ಥ್ಯದ ಪ್ರೇಷಕದಿಂದ ಬಾನುಲಿಯನ್ನು ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ಒಂದು ಮನೆಯೊಳಗಿನ ನಿಲಯಕ್ಕೆ ಧ್ವನಿಯ ದಾರಿ ಕಿರಿದಾದರೂ ಸಾಕು. ಮೈಕು, ಕ್ಯಾಮೆರಾ, ಮುದ್ರಿಕೆಗಳು ಹತ್ತಾರು ಆದಾಗ ಯಾವುದನ್ನು ಎಲ್ಲಿಗೆ ಕಳುಹಬೇಕೆಂಬುದೇ ಒಂದು ಶಾಸ್ತ್ರವಾಗುತ್ತದೆ.

ಕೂಡುವ ಸಂಧಿಗಳು

ಈ ಕೆಲಸ ಮಾಡುವ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅದಕ್ಕೆ 16 ಒಳದಾರಿ, 16 ಹೊರದಾರಿಗಳಿದ್ದರೆ ಅವು ಕೂಡಬಲ್ಲ ಸಂಧಿಗಳು 256. ಒಂದು ಮೂಲವನ್ನು ಎಷ್ಟು ಹೊರದಾರಿಗಳಿಗಾದರೂ ಹಂಚಬಹುದು. ಆದರೆ ಒಂದು ಹೊರದಾರಿ ಒಮ್ಮೆಗೆ ಒಂದೇ ಮೂಲವನ್ನು ಸ್ವೀಕರಿಸುತ್ತದೆ. ದಾಸೋಹದ ಮನೆಯಲ್ಲಿ ಒಂದೇ ಹಂಡೆಯ ಪ್ರಸಾದ ನೂರು ಎಲೆಗಳಿಗೆ ಸಲ್ಲುವ ಬಗೆಯಿದು. ಮೂಲಗಳನ್ನು ಬೆರೆಸಬೇಕಾದರೆ ಅದು ಮಿಕ್ಸರ್‌ನ ಕೆಲಸ, ರೂಟರ್‌ನದಲ್ಲ. ಒಂದು ಸಂಧಿ ತಪ್ಪಿದರೆ ವೇದಿಕೆಯ ಹಿಂದಿನ ಖಾಸಗಿ ಮಾತು ಊರಿಗೆಲ್ಲ ಕೇಳಿಸೀತು. ಪೂಜ್ಯರ ಆಶೀರ್ವಚನ ಮೌನವಾದೀತು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದೊಂದಕ್ಕೆ 40 ಮಿಲಿಸೆಕೆಂಡು. ಚಿತ್ರವು ಹಾದುಹೋಗುವ ಮೂರು ಯಂತ್ರಗಳು ತಲಾ ಒಂದು ಚಿತ್ರದಷ್ಟು ತಡಮಾಡಿದರೆ ನೋಟವು 120 ಮಿಲಿಸೆಕೆಂಡು ಹಿಂದುಳಿಯುತ್ತದೆ. ನೇರವಾಗಿ ಬಂದ ಧ್ವನಿ ಆಗ ಮುಂದೋಡುತ್ತದೆ. ಯುರೋಪಿನ ಪ್ರಸಾರ ಸಂಘದ ಸೂಚನೆಯಂತೆ ಧ್ವನಿ ಚಿತ್ರಕ್ಕಿಂತ 40 ಮಿಲಿಸೆಕೆಂಡಿಗೆ ಮೀರಿ ಮುಂದಿರಬಾರದು, 60ಕ್ಕೆ ಮೀರಿ ಹಿಂದಿರಬಾರದು. ಆದ್ದರಿಂದ ಧ್ವನಿಯನ್ನೂ ಅಷ್ಟೇ ಹೊತ್ತು ತಡೆದು ಬಿಡಬೇಕು. ತುಟಿಗೂ ನುಡಿಗೂ ಹೊಂದಿಕೆಯಿಲ್ಲದಿದ್ದರೆ ಕೇಳುವವರ ಮನಸ್ಸು ಅರ್ಥದಲ್ಲಿ ನಿಲ್ಲದು.

ಕಾಯಕವಾಗಲಿ

ಈ ವಿದ್ಯೆಯಲ್ಲಿ ದುಬಾರಿ ಯಂತ್ರಕ್ಕಿಂತ ಶಿಸ್ತು ದೊಡ್ಡದು. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಬೇಕು. ಯಾವ ಒಳದಾರಿ ಯಾವ ಹೊರದಾರಿಗೆ ಎಂಬ ಪಟ್ಟಿಯನ್ನು ಗೋಡೆಯ ಮೇಲೆ ತೂಗುಹಾಕಬೇಕು. ಪ್ರಸಾರದ ಹೊರದಾರಿಯನ್ನು ಯಾರೂ ಕೈತಪ್ಪಿ ಬದಲಿಸದಂತೆ ಬಂಧಿಸಿಡಬೇಕು. ರೂಟರ್ ಕೆಟ್ಟರೆ ಮುಖ್ಯ ಧ್ವನಿಯನ್ನು ನೇರವಾಗಿ ಕಳುಹಲು ಒಂದು ಬದಲಿ ಕೇಬಲ್ಲು ಸಿದ್ಧವಿರಲಿ. ಗುಂಯ್ ಎಂಬ ನಾದ ಕೇಳಿಸಿದರೆ, ಬೇರೆ ಬೇರೆ ಕಡೆಯಲ್ಲಿ ಅರ್ಥಿಂಗ್ ಪಡೆದ ಯಂತ್ರಗಳ ನಡುವೆ ಕರೆಂಟು ಹರಿಯುತ್ತಿರುವುದುಂಟು. ಅವೆಲ್ಲಕ್ಕೂ ಒಂದೇ ಕಡೆಯಿಂದ ವಿದ್ಯುತ್ ಕೊಟ್ಟು ನೋಡಬೇಕು. ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಕಿತ್ತೊಗೆಯುವುದು ಮಾತ್ರ ಪ್ರಾಣಾಪಾಯದ ಉಪಾಯ.

ಇವನ್ನು ನೋಡಿಕೊಳ್ಳುವಾತ ಪರದೆಯ ಮೇಲೆ ಕಾಣುವುದಿಲ್ಲ. ಸನ್ಮಾನದ ಶಾಲು ಅವನ ಹೆಗಲೇರುವುದು ಅಪರೂಪ. ಆದರೆ ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರ ಮಾತಿಗೂ ಎಡೆಯಿತ್ತು. ಅಂತಹ ಪರಂಪರೆಯ ನಾವು ಕೇಬಲ್ಲು ಸುತ್ತುವ ಕೈಯನ್ನು ಕಿರಿದೆಂದು ಎಣಿಸಬಾರದು. ನಮ್ಮ ಮಠಗಳು, ಸಮಾಜದ ಸಂಘಗಳು ಯಂತ್ರ ಕೊಳ್ಳುವ ಮುನ್ನ ಇಬ್ಬರು ಯುವಕ-ಯುವತಿಯರಿಗೆ ಈ ವಿದ್ಯೆಯನ್ನು ಕಲಿಸಲಿ. ಅವರಿಗದು ಜೀವನೋಪಾಯವಾದೀತು, ಮನೆಯಲ್ಲೇ ಉಳಿದ ಹಿರಿಯರಿಗೆ ಶರಣರ ನುಡಿ ಸ್ಫುಟವಾಗಿ ಮುಟ್ಟೀತು. ಕೇಳುವ ಕೊನೆಯ ಕಿವಿಯವರೆಗೂ ನುಡಿಯನ್ನು ತಲುಪಿಸುವುದು ದಾಸೋಹವೇ ಸರಿ.