ಹಿತ್ತಲ ಪೇರಲಕ್ಕೆ ಗರಗಸ ಹಚ್ಚಿದರೆ ಫಲ ಹೋಗುತ್ತದೆಯೇ?

ಹೂವಿನಹಡಗಲಿಯ ಮಲ್ಲಿಗೆ ಬೆಳೆಗಾರರು ವರ್ಷವರ್ಷವೂ ಗಿಡವನ್ನು ದಾಕ್ಷಿಣ್ಯವಿಲ್ಲದೆ ಸವರುತ್ತಾರೆ. ಹೊಸ ಚಿಗುರು ಬಂದರೇ ಮೊಗ್ಗು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಊರಿನ ಹಿತ್ತಲುಗಳಲ್ಲಿ ಮಾಳಿಗೆ ಮೀರಿ ಬೆಳೆದ ಪೇರಲ ಗಿಡಕ್ಕೆ ಕತ್ತರಿ ಸೋಕಿಸಲು ಹೆದರಿಕೆ. ಫಲ ಕೊಡುವ ಗಿಡ, ಕಡಿದರೆ ಕಾಯಿ ನಿಲ್ಲುತ್ತದೆ ಎಂಬ ನಂಬಿಕೆ.

ಪೇರಲದ ಮಟ್ಟಿಗೆ ಇದು ಪೂರಾ ತಪ್ಪು. ಕಾಯಿ ಹಿಡಿದ ಟೊಂಗೆಯೊಂದನ್ನು ಬಗ್ಗಿಸಿ ನೋಡಿ. ಕಾಯಿ ಕೂತಿರುವುದು ಹಸಿರಾದ, ನಾಲ್ಕು ಏಣುಗಳ ಎಳೆ ಕಡ್ಡಿಯ ಮೇಲೆ, ಎಲೆಯ ಸಂದಿನಲ್ಲಿ. ಅದರ ಹಿಂದಿನ ಕಂದು ಬಣ್ಣದ ಹಳೆಯ ಭಾಗ ಬರಿದಾಗಿರುತ್ತದೆ. ಸವರಿದಷ್ಟೂ ಇಂಥ ಎಳೆ ಕಡ್ಡಿಗಳು ಹೆಚ್ಚು.

ಮಾವಿನ ಲೆಕ್ಕ ಬೇರೆ. ಅದು ಬಲಿತ ಕಡ್ಡಿಯ ತುದಿಯಲ್ಲಿ ಹೂ ಬಿಡುತ್ತದೆ. ಕೊಯ್ಲು ಮುಗಿದ ಕೂಡಲೇ, ಜೂನ್–ಜುಲೈನಲ್ಲಿ ಸವರಿದರೆ ಹೊಸ ಚಿಗುರು ಬಲಿಯಲು ಚಳಿಗಾಲದವರೆಗೆ ಸಮಯ ಸಿಗುತ್ತದೆ. ದೀಪಾವಳಿ ಕಳೆದ ಮೇಲೆ ಸವರಿದರೆ ಬರಲಿರುವ ಹೂವನ್ನೇ ಕಡಿದಂತೆ. ‘ಸವರಿದೆ, ಕಾಯಿಯೇ ಬಿಡಲಿಲ್ಲ’ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಹೀಗೆ.

ಎತ್ತರ ಹೋದಷ್ಟೂ ಹಣ್ಣು ಹೆಚ್ಚು ಎನ್ನುವವರೂ ಇದ್ದಾರೆ. ನೆತ್ತಿಯ ಸೊಪ್ಪು ಬಿಸಿಲು ತಡೆದು ಕೆಳಗಿನ ಟೊಂಗೆಗಳು ಒಣಗುತ್ತವೆ. ದೋಟಿಗೂ ಎಟುಕದ ಹಣ್ಣು ಗಿಳಿ, ಬಾವಲಿಗಳ ಪಾಲು.

ಹಾಗೆಂದು ನೆತ್ತಿಯನ್ನು ಒಂದೇ ಸಲಕ್ಕೆ ಹಾರಿಸಬೇಡಿ. ಈ ಸೀಮೆಯ ಏಪ್ರಿಲ್ ಬಿಸಿಲಿಗೆ, ಇಷ್ಟು ದಿನ ನೆರಳಲ್ಲಿದ್ದ ತೊಗಟೆ ಸುಟ್ಟು ಬಿರಿಯುತ್ತದೆ. ಕಡಿದಲ್ಲಿಂದ ಹತ್ತಾರು ಬಲಹೀನ ಟಿಸಿಲುಗಳು ನೆಟ್ಟಗೆ ಎದ್ದು ಗಿಡ ಮತ್ತೆ ಮೊದಲಿನಂತಾಗುತ್ತದೆ. ವರ್ಷಕ್ಕೆ ಕಾಲು ಭಾಗ ಸೊಪ್ಪಿಗಿಂತ ಹೆಚ್ಚು ತೆಗೆಯದೆ, ಎರಡು–ಮೂರು ವರ್ಷಗಳಲ್ಲಿ ಇಳಿಸಿ. ಮೊದಲು ನಡುವಿನ ಎತ್ತರದ ಟೊಂಗೆ, ಅದೂ ಹೊರಕ್ಕೆ ವಾಲಿದ ಪಕ್ಕದ ಟೊಂಗೆ ಕವಲೊಡೆದಿರುವ ಜಾಗದಲ್ಲಿ. ಬಿಸಿಲಿಗೆ ತೆರೆದುಕೊಂಡ ಕಾಂಡಕ್ಕೆ ಸುಣ್ಣ ಬಳಿಯಿರಿ.

ಇನ್ನು ಕಾಂಡಕ್ಕೆ ಒತ್ತಿ ನುಣ್ಣಗೆ ಕೊಯ್ದು ಸಗಣಿ ಮೆತ್ತುವ ಪದ್ಧತಿ. ಅತಿ ಹೆಚ್ಚು ಗಿಡ ಕೆಡುವುದು ಇದರಿಂದಲೇ ಎಂದು ನನಗನ್ನಿಸುತ್ತದೆ. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಮರ ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಮುಚ್ಚಿಹಾಕುತ್ತದೆ ಎಂಬುದನ್ನು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ಮರಗಳನ್ನು ಸೀಳಿ ತೋರಿಸಿಕೊಟ್ಟರು. ಟೊಂಗೆಯ ಬುಡದಲ್ಲಿ ಬಳೆಯಂತೆ ಕಾಣುವ ಉಬ್ಬು ಆ ಕೆಲಸ ಮಾಡುತ್ತದೆ. ಅದನ್ನು ಉಳಿಸಿ, ಅದರ ಹೊರಗೆ ಕೊಯ್ಯಬೇಕು. ಮೊಂಡು ಬಿಟ್ಟರೆ ಅದೂ ಕೊಳೆಯುತ್ತದೆ. ದೊಡ್ಡ ಗಾಯಕ್ಕೆ ಸಗಣಿ ಬೇಡ, ಮೈಲುತುತ್ತು–ಸುಣ್ಣದ ಬೋರ್ಡೋ ಪೇಸ್ಟ್ ಹಚ್ಚಿ.

ದಪ್ಪ ಟೊಂಗೆಗೆ ಮೂರು ಕೊಯ್ತ ಬೇಕು. ಬುಡದಿಂದ ಒಂದಡಿ ದೂರದಲ್ಲಿ ಅಡಿಯಿಂದ ಕಾಲುಭಾಗ ಕೊಯ್ಯಿರಿ. ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಉಳಿದ ಮೊಂಡನ್ನು ಕೊನೆಗೆ ಉಬ್ಬಿನ ಅಂಚಿನಲ್ಲಿ ತೆಗೆಯಿರಿ. ಮೇಲಿನಿಂದ ಒಂದೇ ಸಮ ಕೊಯ್ದರೆ ಟೊಂಗೆ ಮುರಿದು ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.