ಕಿಲುಬು ತೆಗೆಯೋ ಮುನ್ನ

ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ದೇವರ ಚೊಂಬಿಗೆ ಅದು ಸರಿ. ನಾಣ್ಯದಲ್ಲಿ ಮೇಲಿನ ತಾಮ್ರವೇ ಹಸಿರು ಪದರವಾಗಿರುತ್ತೆ. ಅಕ್ಷರದ ಅಂಚು ಎಷ್ಟೋ ಸಲ ಉಳಿದಿರೋದು ಅದರಲ್ಲೇ. ಹುಳಿ ಅದನ್ನು ಕರಗಿಸಿದರೆ ಪರ್ಶಿಯನ್ ಲಿಪಿಯ ಟಂಕಸಾಲೆಯ ಹೆಸರೂ ಹೋಯಿತು, ಬಲದಿಂದ ಎಡಕ್ಕೆ ಓದಬೇಕಾದ ಮೌಲೂದಿ ವರ್ಷವೂ (1215 ಇದ್ದರೆ ನಮ್ಮ ಕಣ್ಣಿಗೆ 5121!) ಹೋಯಿತು. ಶ್ರೀರಂಗಪಟ್ಟಣದ್ದೋ ನಗರದ್ದೋ ಹೇಳೋಕಾಗಲ್ಲ, ಹೊಳೆಯೋ ಆನೆ ಮಾತ್ರ ಉಳಿಯುತ್ತೆ.

ಮೊದಲು ಓರೆ ಬೆಳಕಿನಲ್ಲಿ ಎರಡೂ ಬದಿ ಫೋಟೋ ತೆಗೀರಿ. ಮಣ್ಣಿಗೆ ಡಿಸ್ಟಿಲ್ಡ್ ವಾಟರ್, ಬಿದಿರುಕಡ್ಡಿ, ತಾಳ್ಮೆ ಸಾಕು. ಗಟ್ಟಿಯಾದ ಕಡುಹಸಿರನ್ನು ಮುಟ್ಟಬೇಡಿ. ಪುಡಿಪುಡಿಯಾಗಿ ಉದುರೋ ತಿಳಿಹಸಿರು ಮಾತ್ರ ರೋಗ: ಕ್ಲೋರೈಡ್, ತೇವ ಸಿಕ್ಕರೆ ಕೊರೀತಾನೇ ಇರುತ್ತೆ. ಅಂಥ ನಾಣ್ಯವನ್ನು ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಜೊತೆ ಬೇರೆ ಡಬ್ಬಿಯಲ್ಲಿಡಿ.