ಹಾಯಿದೋಣಿಯ ಕೋಣೆಗೆ ಬಿಸಿಲಿನ ಬೀಸಣಿಗೆ

ಹಾಯಿದೋಣಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ತೆರೆದ ಒಡಲಿನ ಒಂದು ದೋಣಿ, ಅದರ ನಡುವೆ ಒಂದು ಕಂಬ, ಆ ಕಂಬಕ್ಕೆ ಕಟ್ಟಿ ಗಾಳಿಯಿಂದ ಉಬ್ಬಿದ ಹಾಯಿ. ಅಂಥ ದೋಣಿಯಲ್ಲಿ ಗಾಳಿಯಾಡುವುದು ಹೇಗೆಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ದೂರದ ಯಾನಕ್ಕೆ ಹೊರಡುವ ಹಾಯಿದೋಣಿಯ ಸಂಗತಿ ಬೇರೆ. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು, ಭೂಪ್ರದಕ್ಷಿಣೆ ಮಾಡಿ, 2018ರ ಮೇ ತಿಂಗಳಲ್ಲಿ ಹಿಂದಿರುಗಿದ ನಮ್ಮ ನೌಕಾಪಡೆಯ 'ತಾರಿಣಿ'ಯನ್ನು ನೆನೆಯಿರಿ. ಅದರಲ್ಲಿದ್ದ ಆರು ಮಂದಿ ಮಹಿಳಾ ಅಧಿಕಾರಿಗಳಿಗೆ ಅಷ್ಟು ತಿಂಗಳ ಕಾಲ ಮನೆಯೆಂದರೆ ದೋಣಿಯ ಒಡಲಲ್ಲಿದ್ದ ಕೋಣೆಯೇ. ಇಂಥ ಕೋಣೆಯ ಮಾಡು ಎಂದರೆ ಡೆಕ್ಕು. ನಾವಿಕರು ಓಡಾಡುವುದು ಆ ಮಾಡಿನ ಮೇಲೆ. ಕೋಣೆಯ ಗೋಡೆ ಎಂದರೆ ದೋಣಿಯ ಪಕ್ಕಗಳು. ಅದರ ಅರ್ಧ ಭಾಗ ಸದಾ ನೀರಿನೊಳಗೆ. ಅಲೆ ಬಂದು ಬಡಿದರೂ ಹನಿ ನೀರು ಒಳಕ್ಕೆ ಬಾರದಂತೆ ಅದನ್ನು ಕಟ್ಟಿರುತ್ತಾರೆ. ನೀರು ನುಗ್ಗದ ಪೆಟ್ಟಿಗೆಗೆ ಗಾಳಿಯೂ ನುಗ್ಗದು. ತೊಂದರೆಯೆಲ್ಲ ಹುಟ್ಟುವುದು ಇಲ್ಲಿಯೇ.

ಪಾಶ್ಚಾತ್ಯ ದೇಶಗಳಲ್ಲಿ ವಿಹಾರಕ್ಕಾಗಿ ಇಂಥ ಸಣ್ಣ ದೋಣಿಗಳನ್ನು ಇಟ್ಟುಕೊಂಡವರು ಬಹುಮಂದಿ ಇದ್ದಾರೆ. ವಾರದ ಐದಾರು ದಿನ ಆ ದೋಣಿಗಳು ಯಜಮಾನರಿಲ್ಲದೆ ಬಂದರಿನಲ್ಲಿ ಕಟ್ಟಿಬಿದ್ದಿರುತ್ತವೆ. ಮಳೆಗೂ ಕಳ್ಳರಿಗೂ ಹೆದರಿ ಬಾಗಿಲುಗಳನ್ನೆಲ್ಲ ಬಿಗಿಯಾಗಿ ಮುಚ್ಚಿರುತ್ತಾರೆ. ಶನಿವಾರ ಬಂದು ಬಾಗಿಲು ತೆರೆದರೆ ಮೂಗಿಗೆ ಮೊದಲು ಬಡಿಯುವುದು ಬೂಷ್ಟಿನ ವಾಸನೆ. ಹಾಸಿಗೆಯ ಮೇಲೆ ಕಪ್ಪು ಚುಕ್ಕೆಗಳು, ಭೂಪಟದ ಹಾಳೆಗಳು ಮೆತ್ತಗೆ, ಮಾಡಿನ ಒಳಮೈಯಲ್ಲಿ ಬೆವರಿನಂತೆ ಹನಿಗಳು. ಮರದ ದೋಣಿಯಾದರೆ ಕೇಡು ಇನ್ನೂ ಆಳವಾದುದು. ಮರದ ತೂಕದಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚು ನೀರು ಸೇರಿತೆಂದರೆ ಅದನ್ನು ತಿಂದು ಕೊಳೆಯಿಸುವ ಶಿಲೀಂಧ್ರಗಳಿಗೆ ಸುಗ್ಗಿ. ಕಡಲಿನ ಬಿರುಗಾಳಿಯಲ್ಲಿ ಮುರಿಯದ ಹಲಗೆ ಬಂದರಿನ ನಿಶ್ಚಲ ಗಾಳಿಯಲ್ಲಿ ಪುಡಿಯಾಗುವುದುಂಟು.

ಈ ನೀರು ಬರುವುದಾದರೂ ಎಲ್ಲಿಂದ? ಒಂದು ಪಾಲನ್ನು ನಾವೇ ತರುತ್ತೇವೆ. ಮಲಗಿ ನಿದ್ರಿಸುವ ಮನುಷ್ಯನು ಉಸಿರು ಮತ್ತು ಚರ್ಮಗಳ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಆವಿಯಾಗಿ ಬಿಡುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ 640 ಗ್ರಾಂ ಆಯಿತು. ಮೂವತ್ತು ಅಡಿ ಉದ್ದದ ದೋಣಿಯ ಕೋಣೆಯ ಗಾತ್ರ ಸುಮಾರು 20 ಘನಮೀಟರು ಎಂದಿಟ್ಟುಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿ ಹೊತ್ತುಕೊಳ್ಳಬಲ್ಲ ಆವಿ ಕೇವಲ 17.3 ಗ್ರಾಂ, ಇಡೀ ಕೋಣೆಗೆ 346 ಗ್ರಾಂ. ಎಂದರೆ, ಕೋಣೆಯ ಗಾಳಿ ಸಂಪೂರ್ಣ ಒಣಗಿದ್ದರೂ ಬೆಳಗಾಗುವುದರೊಳಗೆ ಅದು ಸಂತೃಪ್ತವಾಗಿ, ಮಿಕ್ಕ ನೀರು ತಣ್ಣನೆಯ ಗೋಡೆಗಳ ಮೇಲೆ ಇಳಿಯಲೇಬೇಕು. ಅಡುಗೆಯ ಒಲೆ ಹಚ್ಚಿದರೆ ಕೇಳುವುದೇ ಬೇಡ. ಒಂದು ಕಿಲೋಗ್ರಾಂ ಪ್ರೊಪೇನ್ ಅನಿಲ ಉರಿದಾಗ ಹುಟ್ಟುವ ನೀರಿನ ತೂಕ ಒಂದು ಕಿಲೋಗ್ರಾಮಿಗೂ ಹೆಚ್ಚು, 1.6 ಕಿಲೋಗ್ರಾಂ! ಇದರಲ್ಲಿ ಮೋಸವೇನೂ ಇಲ್ಲ. ಅನಿಲದ ಹೈಡ್ರೋಜನ್ನಿನೊಡನೆ ಗಾಳಿಯ ಆಕ್ಸಿಜನ್ ಕೂಡಿಕೊಳ್ಳುವುದರಿಂದ ತೂಕ ಏರುತ್ತದೆ. ರಾಸಾಯನಿಕ ಸಮೀಕರಣವನ್ನು ಬರೆದು ನೀವೇ ಲೆಕ್ಕ ಹಾಕಬಹುದು.

ಇನ್ನೊಬ್ಬ ಅಪರಾಧಿ ಉಪ್ಪು. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಅಡುಗೆಮನೆಯ ಮರಿಗೆಯಲ್ಲಿ ಉಪ್ಪು ನೀರೊಡೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ದಾಟಿತೆಂದರೆ ಶುದ್ಧವಾದ ಅಡುಗೆಯುಪ್ಪು ಗಾಳಿಯ ಆವಿಯನ್ನು ಹೀರಿ ತಾನೇ ಕರಗತೊಡಗುತ್ತದೆ. ಕಡಲಿನ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಾದರೋ ಶೇಕಡ 33 ಸಾಕು. ಆದುದರಿಂದ ಒಮ್ಮೆ ಕಡಲ ನೀರಿನಲ್ಲಿ ನೆನೆದ ಹಾಸಿಗೆ, ಎಷ್ಟೇ ಗಾಳಿಗೆ ಹರವಿದರೂ, ತೇವದ ದಿನ ಮತ್ತೆ ಒದ್ದೆಯಾಗುತ್ತದೆ. ಸಿಹಿನೀರಿನಲ್ಲಿ ಜಾಲಿಸಿ ಉಪ್ಪನ್ನು ತೆಗೆಯದೆ ಯಾವ ಬೀಸಣಿಗೆಯೂ ಅದನ್ನು ಒಣಗಿಸಲಾರದು.

ಹಡಗಿನ ಒಡಲಿಗೆ ಗಾಳಿ ಕಳುಹಿಸುವ ಯತ್ನ ಬಹಳ ಹಳೆಯದು. ಬಟ್ಟೆಯ ದೊಡ್ಡ ಆಲಿಕೆಯನ್ನು ಗಾಳಿಗೆ ಮುಖಮಾಡಿ ಕಟ್ಟಿ, ಅದರ ಬಾಲವನ್ನು ಕೆಳಕ್ಕೆ ಇಳಿಬಿಡುತ್ತಿದ್ದ ಕಾಲವುಂಟು. 1740ರ ದಶಕದಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಎಂಬಾತನು ಕೈಯಿಂದ ನಡೆಸುವ ತಿದಿಗಳಂಥ ಯಂತ್ರವನ್ನು ಹಡಗುಗಳಿಗಾಗಿ ರಚಿಸಿದನು. ಗಿಡಗಳಲ್ಲಿ ರಸ ಏರುವುದನ್ನು ಅಳೆದು ಪ್ರಸಿದ್ಧನಾದ ಹೇಲ್ಸನೇ ಈತ. ಅದೇ ದಶಕದಲ್ಲಿ ಸ್ಯಾಮ್ಯುಅಲ್ ಸಟನ್ ಎಂಬವನು ಹಡಗಿನ ಅಡುಗೆಯ ಒಲೆಗೆ ಒಡಲಿನಿಂದ ಕೊಳವೆಗಳನ್ನು ಜೋಡಿಸಿ, ಒಲೆಯ ಉರಿಯೇ ಕೆಟ್ಟ ಗಾಳಿಯನ್ನು ಎಳೆದುಕೊಳ್ಳುವಂತೆ ಮಾಡಿದನು. ಕೆಟ್ಟ ಗಾಳಿಯೇ ಹಡಗಿನ ಜ್ವರಕ್ಕೆ ಮೂಲವೆಂದು ಆಗ ನಂಬಿದ್ದರು; ಅದು ಹೇನುಗಳಿಂದ ಹರಡುವ ರೋಗವೆಂದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಾರಣ ತಪ್ಪಾಗಿದ್ದರೂ ಕೆಲಸ ಒಳ್ಳೆಯದೇ ಆಯಿತು ಎನ್ನಬೇಕು.

ಸಣ್ಣ ಹಾಯಿದೋಣಿಗಳಿಗೆ ಒದಗಿದ ಅತ್ಯಂತ ಜಾಣತನದ ಉಪಾಯ 'ಡೊರೇಡ್' ಪೆಟ್ಟಿಗೆ. ಡೊರೇಡ್ ಎಂಬುದು ಅಮೆರಿಕದ ಓಲಿನ್ ಸ್ಟೀಫನ್ಸ್ ರಚಿಸಿದ ಹಾಯಿದೋಣಿಯ ಹೆಸರು. 1930ರಲ್ಲಿ ನೀರಿಗಿಳಿದ ಅದು ಮರುವರ್ಷವೇ ಅಟ್ಲಾಂಟಿಕ್ ದಾಟುವ ಪಂದ್ಯವನ್ನು ಗೆದ್ದಿತು. ಈ ಪೆಟ್ಟಿಗೆ ಓಲಿನ್ನನ ತಮ್ಮ ರಾಡ್ ಸ್ಟೀಫನ್ಸನ ಯೋಚನೆ. ಡೆಕ್ಕಿನ ಮೇಲೆ ಒಂದು ಪೆಟ್ಟಿಗೆ. ಅದರ ಒಂದು ತುದಿಯ ಮೇಲೆ ಗಾಳಿಗೆ ಬಾಯಿ ತೆರೆದ ಕಹಳೆ. ಇನ್ನೊಂದು ತುದಿಯಲ್ಲಿ, ಪೆಟ್ಟಿಗೆಯ ತಳದಿಂದ ಕೆಲವು ಅಂಗುಲ ಮೇಲೆದ್ದು ನಿಂತು ಕೋಣೆಗೆ ಇಳಿಯುವ ಕೊಳವೆ. ಗಾಳಿಯೊಡನೆ ಕಹಳೆಯೊಳಗೆ ನುಗ್ಗಿದ ನೀರು ಭಾರವಾದುದರಿಂದ ತಿರುವಿನಲ್ಲಿ ಹಿಂದುಳಿದು ಪೆಟ್ಟಿಗೆಯ ತಳಕ್ಕೆ ಬಿದ್ದು, ಅಲ್ಲಿರುವ ರಂಧ್ರಗಳಿಂದ ಡೆಕ್ಕಿಗೆ ಹರಿದುಹೋಗುತ್ತದೆ. ಹಗುರವಾದ ಗಾಳಿ ಮಾತ್ರ ತಿರುಗಿ ಕೊಳವೆಯ ಬಾಯನ್ನು ಸೇರುತ್ತದೆ. ಚಲಿಸುವ ಭಾಗ ಒಂದೂ ಇಲ್ಲ. ಹತ್ತು ಸೆಂಟಿಮೀಟರು ವ್ಯಾಸದ ಕೊಳವೆಯಲ್ಲಿ, ಸೆಕೆಂಡಿಗೆ 5 ಮೀಟರಿನ ಮಂದಾನಿಲದ ಕಾಲು ಪಾಲು ವೇಗ ಉಳಿದರೂ, ಗಂಟೆಗೆ 35 ಘನಮೀಟರು ಗಾಳಿ ಒಳಗೆ ಬಂದಂತಾಯಿತು. ಈ ದೋಣಿಯೂ ಸಾಮಾನ್ಯವಾದುದಲ್ಲ. 1936ರಲ್ಲಿ ಕ್ಯಾಲಿಫೋರ್ನಿಯದಿಂದ ಹವಾಯಿಗೆ ಹೋಗುವ ಪಂದ್ಯವನ್ನು ಗೆದ್ದದ್ದು, 2013ರಲ್ಲಿ ಅದೇ ಪಂದ್ಯವನ್ನು ಮತ್ತೆ ಗೆದ್ದಿತು!

ಆದರೆ ಗಾಳಿಯೇ ಬೀಸದ ದಿನ ಕಹಳೆಯೇನು ಮಾಡೀತು? ಸುತ್ತಲೂ ಕಟ್ಟಡಗಳಿರುವ ಬಂದರಿನಲ್ಲಿ ಅಂಥ ದಿನಗಳೇ ಹೆಚ್ಚು. ಅಲ್ಲಿಗೆ ಬಂದದ್ದು ಸೌರಶಕ್ತಿಯ ಗವಾಕ್ಷ. ಅದು ಡೆಕ್ಕಿನಲ್ಲಿ ಕೊರೆದ ಮೂರು ನಾಲ್ಕು ಅಂಗುಲದ ರಂಧ್ರದ ಮೇಲೆ ಕೂರುವ, ತಟ್ಟೆಯಂಥ ಒಂದು ಮುಚ್ಚಳ. ಮುಚ್ಚಳದ ನೆತ್ತಿಯಲ್ಲಿ ಸಿಲಿಕನ್ನಿನ ಸೌರಕೋಶ. ಅದರಡಿಯಲ್ಲಿ ಪುಟ್ಟ ಮೋಟಾರು ಮತ್ತು ಬೀಸಣಿಗೆ. ಬಿಸಿಲು ಬಿದ್ದೊಡನೆ ಬೀಸಣಿಗೆ ತಿರುಗಿ ಒಳಗಿನ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ. ಅಂಗೈಯಗಲದ ಈ ಕೋಶ ಎಷ್ಟರ ಕೆಲಸ ಮಾಡೀತೆಂದು ಅನುಮಾನಿಸುವವರು ಲೆಕ್ಕವನ್ನು ನೋಡಬೇಕು. ಗಂಟೆಗೆ 20 ಘನಮೀಟರು, ಎಂದರೆ ನಮ್ಮ ಕೋಣೆಯ ಅಷ್ಟೂ ಗಾಳಿ, ಮೂರು ಅಂಗುಲದ ರಂಧ್ರದಿಂದ ಹೊರಬೀಳಬೇಕಾದರೆ ಅದರ ವೇಗ ಸೆಕೆಂಡಿಗೆ ಸುಮಾರು ಒಂದೂಕಾಲು ಮೀಟರು. ಆ ಗಾಳಿಗೆ ಕೊಡಬೇಕಾದ ಚಲನಶಕ್ತಿ ಒಂದು ವಾಟಿನ ಇನ್ನೂರರಲ್ಲಿ ಒಂದು ಪಾಲು ಮಾತ್ರ! ಪುಟ್ಟ ಮೋಟಾರು ತನಗೆ ಬಂದ ಶಕ್ತಿಯಲ್ಲಿ ಬಹುಪಾಲನ್ನು ಪೋಲು ಮಾಡುವುದೇನೋ ನಿಜ. ಆದರೂ ಒಂದು ವಾಟಿನೊಳಗೆ ಕೆಲಸ ಮುಗಿಯುತ್ತದೆ. ನೂರು ಚದರ ಸೆಂಟಿಮೀಟರಿನ ಕೋಶದ ಮೇಲೆ ನಡುಹಗಲಿನ ಬಿಸಿಲು ಸುರಿಯುವುದು ಸುಮಾರು 10 ವಾಟು. ಅದರಲ್ಲಿ ನೂರಕ್ಕೆ ಹದಿನೈದನ್ನು ವಿದ್ಯುತ್ತಾಗಿಸಿದರೆ ಒಂದೂವರೆ ವಾಟು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಪ್ರದರ್ಶಿಸಿದ ಸಿಲಿಕನ್ ಕೋಶ ನೂರಕ್ಕೆ ಆರು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತಿತ್ತು. ಈ ಬೀಸಣಿಗೆಯನ್ನು ತಿರುಗಿಸಲು ಅದೂ ಹೆಚ್ಚುಕಡಮೆ ಸಾಕಾಗುತ್ತಿತ್ತು.

ರಾತ್ರಿ ನಿಲ್ಲುವ ಬೀಸಣಿಗೆಯಿಂದ ಏನು ಪ್ರಯೋಜನವೆಂದು ಕೇಳುವವರುಂಟು. ದೋಣಿಯನ್ನು ಒಣಗಿಸುವ ದೃಷ್ಟಿಯಿಂದ ನೋಡಿದರೆ ಬಿಸಿಲಿನಲ್ಲಿ ಮಾತ್ರ ತಿರುಗುವುದು ಅದರ ದೋಷವಲ್ಲ, ಗುಣ ಎಂದು ನನ್ನ ಅಭಿಪ್ರಾಯ. ಹಗಲು ಡೆಕ್ಕು ಕಾದಾಗ ಮುಚ್ಚಿದ ಕೋಣೆ 35 ಡಿಗ್ರಿಗೆ ಏರಿತೆನ್ನೋಣ. ಆ ಶಾಖಕ್ಕೆ ಹಾಸಿಗೆ, ಬಟ್ಟೆ, ಮರಗಳು ತಮ್ಮ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಸಾಪೇಕ್ಷ ಆರ್ದ್ರತೆ ಶೇಕಡ 60 ಎಂದರೂ ಪ್ರತಿ ಘನಮೀಟರಿನಲ್ಲಿ 24 ಗ್ರಾಂ ನೀರು ಇರುತ್ತದೆ. ಹೊರಗೆ 25 ಡಿಗ್ರಿ, ಆರ್ದ್ರತೆ ಅದೇ ಶೇಕಡ 60. ಆದರೆ ಅಲ್ಲಿರುವ ನೀರು 14 ಗ್ರಾಂ ಮಾತ್ರ. ಒಂದು ಘನಮೀಟರನ್ನು ಅದಲುಬದಲು ಮಾಡಿದರೆ 10 ಗ್ರಾಂ ನೀರು ಹೊರಗೆ ಹೋಯಿತು; ಗಂಟೆಗೆ 200 ಗ್ರಾಂ. ಒಳಗಿನ ವಸ್ತುಗಳು ಒಣಗಿದಂತೆ ಈ ಮೊತ್ತ ಇಳಿಯುತ್ತ ಹೋಗುವುದು ಸಹಜ. ಇದೇ ಗಾಳಿಯನ್ನು ಒಳಗೇ ಬಿಟ್ಟರೆ? ಇರುಳು 20 ಡಿಗ್ರಿಗೆ ತಣಿದಾಗ ಅದು 17.3 ಗ್ರಾಮಿಗಿಂತ ಹೆಚ್ಚನ್ನು ಹೊರಲಾರದು. ಮಿಕ್ಕದ್ದು ಹನಿಯಾಗಿ ಇಳಿದು ಹಾಸಿಗೆಯನ್ನೇ ಸೇರುತ್ತದೆ. ಗಾಳಿಯ ಹೊರೆ ತುಂಬಿರುವ ಹೊತ್ತಿಗೆ ಸರಿಯಾಗಿ ಸೂರ್ಯನೇ ಬೀಸಣಿಗೆಯನ್ನು ತಿರುಗಿಸುತ್ತಾನೆ.

ಇರುಳಿನಲ್ಲಿಯೂ ತಿರುಗಲೆಂದು ಹಲವು ಗವಾಕ್ಷಗಳಲ್ಲಿ 1.2 ವೋಲ್ಟಿನ ಪುಟ್ಟ ಬ್ಯಾಟರಿಯನ್ನು ಇಟ್ಟಿರುತ್ತಾರೆ. ಒಳಗೆ ಜನ ಮಲಗಿದ್ದರೆ ಅದು ಬೇಕೇ ಬೇಕು. ಯಾರೂ ಇಲ್ಲದಿದ್ದರೆ ಯೋಚಿಸಬೇಕು. ನಿರ್ಮಲವಾದ ರಾತ್ರಿಯಲ್ಲಿ ಡೆಕ್ಕು ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣದಿಂದ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹೊರಗಿನ ತೇವದ ಗಾಳಿಯನ್ನು ಅದರಡಿಗೆ ಕರೆದರೆ ಇಬ್ಬನಿಯನ್ನೇ ಒಳಕ್ಕೆ ಕರೆದಂತೆ. ತಣ್ಣನೆಯ ಕಡಲುಗಳಲ್ಲಿ ಹಗಲಿನಲ್ಲಿಯೇ ಇದು ನಡೆಯುವುದುಂಟು. ಅಮೆರಿಕದ ವಾಯವ್ಯ ಮೂಲೆಯ ಪ್ಯೂಜೆಟ್ ಸೌಂಡಿನಲ್ಲಿ ವಸಂತದ ನೀರು ಸುಮಾರು 10 ಡಿಗ್ರಿ. ನೀರಿನೊಳಗಿರುವ ದೋಣಿಯ ಪಕ್ಕಗಳೂ ಅಷ್ಟೇ ತಣ್ಣಗೆ. ಘನಮೀಟರಿಗೆ 12 ಗ್ರಾಂ ಆವಿ ಹೊತ್ತ ಬೆಚ್ಚನೆಯ ಗಾಳಿ ಬಂದು ಅವನ್ನು ಮುಟ್ಟಿದರೆ, 10 ಡಿಗ್ರಿಯಲ್ಲಿ ಅದು ಹೊರಬಲ್ಲುದು 9.4 ಗ್ರಾಂ ಮಾತ್ರವಾದುದರಿಂದ, ಪ್ರತಿ ಘನಮೀಟರೂ ಎರಡೂವರೆ ಗ್ರಾಮಿನವರೆಗೆ ನೀರನ್ನು ಅಲ್ಲಿ ಬಿಟ್ಟುಹೋಗಬಹುದು. ಗಂಟೆಗೆ 20 ಘನಮೀಟರಿನಂತೆ 50 ಗ್ರಾಂ! ಒಣಗಿಸಲೆಂದು ಕೂರಿಸಿದ ಯಂತ್ರ ನೀರು ಹೊರುವ ಯಂತ್ರವಾಯಿತು. ಮಳೆಗಾಲದ ನಮ್ಮ ಪಶ್ಚಿಮ ಕರಾವಳಿಯಲ್ಲಿ, ಹೊರಗಿನ ಗಾಳಿಯೇ ಸಂತೃಪ್ತವಾಗಿರುವಾಗ, ಬೀಸಣಿಗೆ ಕೊಡುವುದು ಹೊಸ ಗಾಳಿಯನ್ನೇ ಹೊರತು ಒಣ ಗಾಳಿಯನ್ನಲ್ಲ.

ಗವಾಕ್ಷವನ್ನು ಕೂರಿಸುವುದರಲ್ಲಿಯೂ ವಿವೇಕ ಬೇಕು. ಗಾಳಿ ಹೊರಗೆ ಹೋಗಬೇಕಾದರೆ ಇನ್ನೆಲ್ಲಿಂದಲೋ ಒಳಗೆ ಬರಬೇಕು. ಒಳದಾರಿ ಇಲ್ಲದ ಕೋಣೆಯಲ್ಲಿ ಬೀಸಣಿಗೆ ಸದ್ದು ಮಾಡುವುದೇ ಹೊರತು ಕೆಲಸ ಮಾಡುವುದಿಲ್ಲ. ಒಳದಾರಿಯ ಪಕ್ಕದಲ್ಲೇ ಹೊರದಾರಿಯಿದ್ದರೆ ಗಾಳಿ ಹತ್ತಿರದ ಹಾದಿ ಹಿಡಿದು ಹೊರಟುಹೋಗಿ, ಮೂಲೆಯ ಕಪಾಟುಗಳು ಹಿಂದಿನಂತೆಯೇ ಬೂಷ್ಟು ಹಿಡಿಯುತ್ತವೆ. ದೋಣಿಯ ಒಂದು ತುದಿಯಲ್ಲಿ ಡೊರೇಡ್ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಗಾಳಿಯನ್ನು ಹೊರಹಾಕುವ ಗವಾಕ್ಷ, ನಡುವಣ ಕಪಾಟುಗಳ ಬಾಗಿಲು ತೆರೆದಿರಬೇಕು. ಇನ್ನು, ಇದು ಕೋಣೆಯನ್ನು ತಂಪು ಮಾಡುತ್ತದೆಂದು ಮಾರುವವರು ಹೇಳುವ ಮಾತನ್ನು ಅರ್ಧಕ್ಕರ್ಧ ಕಳೆದೇ ನಂಬಬೇಕು. ಒಳಗೆ ಹೊರಗಿಗಿಂತ 10 ಡಿಗ್ರಿ ಹೆಚ್ಚು ಶಾಖವಿದ್ದಾಗಲೂ ಗಂಟೆಗೆ 20 ಘನಮೀಟರು ಗಾಳಿ ಹೊತ್ತೊಯ್ಯುವ ಶಾಖ ಸುಮಾರು 66 ವಾಟು. ಕಾದ ಡೆಕ್ಕಿನಿಂದ ಕೆಳಗಿಳಿಯುವ ಶಾಖವಾದರೋ ನೂರಾರು ವಾಟುಗಳಾಗಬಹುದು. ಡೆಕ್ಕಿನ ಮೇಲೆ ಒಂದು ಬಟ್ಟೆಯ ಚಪ್ಪರ ಹಾಕುವುದು ಇದಕ್ಕಿಂತ ಮೇಲು.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಣದ ವಿಷಯದಲ್ಲಿ ಈ ಬೀಸಣಿಗೆಯನ್ನು ನಂಬಲಾಗದು. ಅಡುಗೆಯ ಅನಿಲ ಸೋರಿದರೆ, ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ, ದೋಣಿಯ ತಳವನ್ನು ಸೇರಿ ನಿಲ್ಲುತ್ತದೆ. ಮಾಡಿನಲ್ಲಿರುವ ಗವಾಕ್ಷ ಅದನ್ನು ಮುಟ್ಟುವುದೇ ಇಲ್ಲ. ಅಲ್ಲಿ ಒಂದು ಕಿಡಿ ಸಾಕು. ಒಲೆಯಿಂದಲೋ ಎಂಜಿನ್ನಿನ ಹೊಗೆಯಿಂದಲೋ ಬರುವ ಕಾರ್ಬನ್ ಮಾನಾಕ್ಸೈಡಿನ ಸಾಂದ್ರತೆ ಹೆಚ್ಚುಕಡಮೆ ಗಾಳಿಯಷ್ಟೇ. ಅದು ಎಲ್ಲೆಡೆಯೂ ಬೆರೆಯುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಂಟೆಗೊಮ್ಮೆ ಕೋಣೆಯ ಗಾಳಿಯನ್ನು ಬದಲಿಸುವ ಬೀಸಣಿಗೆ ತಿರುಗುತ್ತಿದೆಯೆಂದು ಒಲೆ ಉರಿಸಿಕೊಂಡು ಮಲಗಿದವರು ಬೆಳಗ್ಗೆ ಏಳದಿರಬಹುದು. ಒಲೆ ಉರಿಯುವಾಗ ಬಾಗಿಲು ತೆರೆದಿರಬೇಕು, ಮಲಗುವಾಗ ಒಲೆ ಆರಿರಬೇಕು, ಆ ವಿಷಾನಿಲವನ್ನು ಗುರುತಿಸಿ ಕೂಗುವ ಗಂಟೆಯೊಂದು ಕೋಣೆಯಲ್ಲಿರಬೇಕು.

ಹೊರಗಿನ ಗಾಳಿಯನ್ನು ಒಳಕ್ಕೆ ಬಿಡಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸಲು ನಿಮ್ಮ ಕಾಲೇಜಿನ ಪ್ರಯೋಗಶಾಲೆಯ ಸಾಮಾನುಗಳೇ ಸಾಕು. ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಎರಡರ ಮೇಲೂ ಗಾಳಿಯಾಡಿಸಿ, ಓದಿಕೆಗಳ ಅಂತರವನ್ನು ನೋಡಿ. ಕೋಷ್ಟಕದಿಂದ ಇಬ್ಬನಿಯ ಬಿಂದು ಸಿಗುತ್ತದೆ. ಕೋಣೆಯ ಒಳಗೊಮ್ಮೆ, ಡೆಕ್ಕಿನ ಮೇಲೆ ನೆರಳಿನಲ್ಲೊಮ್ಮೆ ಅಳೆದು, ಮೂರನೆಯದಾಗಿ ಸುತ್ತಲಿನ ನೀರಿನ ಉಷ್ಣತೆಯನ್ನೂ ಬರೆದುಕೊಳ್ಳಬೇಕು. ಹೊರಗಾಳಿಯ ಇಬ್ಬನಿಯ ಬಿಂದು ಒಳಗಿನದಕ್ಕಿಂತಲೂ ನೀರಿನ ಉಷ್ಣತೆಗಿಂತಲೂ ಕೆಳಗಿದ್ದರೆ ಬೀಸಣಿಗೆ ತಿರುಗಲಿ. ಮೇಲಿದ್ದು, ಒಳಗೆ ಯಾರೂ ಇಲ್ಲದಿದ್ದರೆ, ಗುಂಡಿಯನ್ನು ಆರಿಸಿ ಗವಾಕ್ಷದ ಮುಚ್ಚಳವನ್ನು ತಿರುಗಿಸಿ ಮುಚ್ಚಿಡುವುದು ಲೇಸು.